ಮೆಣಸಿನ ಗಿಡದ ಬೇರು ರೋಗಕ್ಕೆ ಇದ್ದಿಲು, ಬ್ಯಾಕ್ಟೀರಿಯಾ: ಬಳ್ಳಾರಿಯ ಎರೆ ಹೊಲಕ್ಕೆ ಒಗ್ಗುತ್ತದೆಯೇ?

ಪರ

ಮೆಣಸಿನ ಬೇರು ಕೊಳೆಸುವ ಶಿಲೀಂಧ್ರ ತಡೆಯಲು ಇದ್ದಿಲಿಗೆ ಉಪಕಾರಿ ಬ್ಯಾಕ್ಟೀರಿಯಾ ಸೇರಿಸಿ ಗಿಡದ ಬುಡಕ್ಕೆ ಹಾಕುವ ಕ್ರಮ ಇದು. ಕುರುಗೋಡು, ಸಿರುಗುಪ್ಪ ಕಡೆ ಹತ್ತಿ ಮುಗಿದ ಮೇಲೆ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿ ಬೆಂಕಿ ಇಡುತ್ತಾರೆ. ಅದನ್ನೇ ಗುಂಡಿಯಲ್ಲಿ ಸುಟ್ಟರೆ ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು ಆಗುತ್ತದೆ. ಬಳ್ಳಾರಿ ಜಾಲಿಯೂ ನಡೆಯುತ್ತದೆ. ಬಾಯಿ ಅಗಲ, ತಳ ಕಿರಿದಾದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಹೊತ್ತಿಸಿ, ಕಟ್ಟಿಗೆ ಮೇಲೆ ಬೂದಿ ಬಣ್ಣ ಕಾಣುತ್ತಲೇ ಮುಂದಿನ ಪದರ ಹಾಕುತ್ತ ಹೋಗಿ. ಮೇಲಿನ ಉರಿ ಗಾಳಿಯನ್ನು ಕೆಳಕ್ಕೆ ಬಿಡುವುದಿಲ್ಲ, ಅಡಿಯದು ಇದ್ದಿಲಾಗಿ ಉಳಿಯುತ್ತದೆ. ತುಂಬಿದೊಡನೆ ನೀರು ಸುರಿದು ಪೂರ್ತಿ ಆರಿಸಬೇಕು; ಒಳಗೆ ಕೆಂಡ ಉಳಿದರೆ ಬೆಳಗಾಗುವಷ್ಟರಲ್ಲಿ ಬೂದಿಯೇ ಗತಿ. 100 ಕೆಜಿ ಒಣ ಕಟ್ಟಿಗೆಗೆ 20ರಿಂದ 25 ಕೆಜಿ ಸಿಗುತ್ತದೆ. ಪುಡಿಯನ್ನು ಅಂಗೈಗೆ ತಿಕ್ಕಿ ಬರೀ ನೀರಲ್ಲಿ ತೊಳೆಯಿರಿ. ಕಪ್ಪು ಹೋದರೆ ಚೆನ್ನಾಗಿ ಸುಟ್ಟಿದೆ. ಜಿಡ್ಡು ಉಳಿದರೆ ಅದರಲ್ಲಿ ಟಾರು ಇದೆ, ಸಸಿಗೆ ಬೇಡ.

ಬರೀ ಇದ್ದಿಲನ್ನು ನೇರ ಮಣ್ಣಿಗೆ ಹಾಕಿದರೆ ಸಾರಜನಕವನ್ನು ಅದೇ ಹಿಡಿದಿಟ್ಟುಕೊಂಡು ಎಲೆ ಹಳದಿಯಾಗುತ್ತದೆ. ತೂಕದಲ್ಲಿ 1 ಪಾಲು ಪುಡಿಗೆ 4 ಪಾಲು ಕಳಿತ ತಿಪ್ಪೆಗೊಬ್ಬರ ಬೆರೆಸಿ ಎರಡು ವಾರ ನೆರಳಲ್ಲಿಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ರಾಶಿಯ ಬಿಸಿ ಇಳಿದ ಮೇಲಷ್ಟೇ ಎಕರೆಗೆ 1 ಕೆಜಿಯಂತೆ ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಪುಡಿ ಕಲಸಿ, ಒದ್ದೆ ಗೋಣಿ ಮುಚ್ಚಿ ಒಂದು ವಾರ ಬಿಡಿ. ಇದ್ದಿಲಿನ ಸಣ್ಣ ರಂಧ್ರಗಳಲ್ಲಿ ತೇವವೂ ಆಸರೆಯೂ ಸಿಕ್ಕ ಬ್ಯಾಕ್ಟೀರಿಯಾ ಬೇರಿಗೆ ಹಬ್ಬಿ, ಕಬ್ಬಿಣದ ಅಂಶವನ್ನು ಶಿಲೀಂಧ್ರಕ್ಕೆ ಸಿಗದಂತೆ ಸೆಳೆದುಕೊಳ್ಳುತ್ತದೆ, ಅದಕ್ಕೆ ವಿಷವಾಗುವ ರಸಗಳನ್ನೂ ಬಿಡುತ್ತದೆ. ಇದ್ದಿಲಿಗೆ ತನ್ನದೇ ಕೆಲಸವೂ ಉಂಟು: 2010ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗದಲ್ಲಿ, ಮಣ್ಣಿಗೆ ಬಯೋಚಾರ್ ಬೆರೆಸಿದಾಗ ದೊಣ್ಣೆ ಮೆಣಸಿನಕಾಯಿ, ಟೊಮೆಟೊ ಗಿಡಗಳ ಎಲೆಯ ಬೂದಿ ರೋಗವೂ ತಗ್ಗಿತು.

ಬೀಜ ಕೆಜಿಗೆ ಇದೇ ಬ್ಯಾಕ್ಟೀರಿಯಾ ಪುಡಿ 10 ಗ್ರಾಂ ಉಪಚಾರ. ನಾಟಿಗೆ ಮುನ್ನ ಲೀಟರಿಗೆ 10 ಗ್ರಾಂ ಕಲಸಿದ ನೀರಲ್ಲಿ ಬೇರನ್ನು ಅರ್ಧ ಗಂಟೆ ಅದ್ದಿ, ಗುಣಿಗೆ 100 ಗ್ರಾಂ ಮಿಶ್ರಣ. 75x60 ಸೆಂ.ಮೀ. ಅಂತರದಲ್ಲಿ ಎಕರೆಗೆ 9,000 ಗಿಡ ಎಂದರೆ ಮಿಶ್ರಣ 9 ಕ್ವಿಂಟಲ್, ಅದರಲ್ಲಿ ಇದ್ದಿಲು 180 ಕೆಜಿ. ಒಂದೆಕರೆ ಹತ್ತಿ ಕಟ್ಟಿಗೆ ಸಾಕು.

ವಿರೋಧ

ಸಸಿಮಡಿಗೆ ಇದು ಒಳ್ಳೆಯದೇ, ತಕರಾರಿಲ್ಲ. 10 ಮೀ. ಉದ್ದ, 1 ಮೀ. ಅಗಲದ ಮಡಿಗೆ 6 ಕೆಜಿ ಇದ್ದಿಲು ಹಾಕಿದರೆ ಮೇಲಿನ 10 ಸೆಂ.ಮೀ. ಮಣ್ಣಿಗೆ ಶೇ 0.5 ಆಗುತ್ತದೆ. ಹೊಲದ ಲೆಕ್ಕವೇ ಬೇರೆ. ಎಕರೆ ಎರೆ (ಕಪ್ಪು) ಮಣ್ಣಿನ ಮೇಲಿನ 15 ಸೆಂ.ಮೀ. ಸುಮಾರು 750 ಟನ್ ತೂಗುತ್ತದೆ. ಕುಂಡದ ಪ್ರಯೋಗಗಳ ಶೇ 1 ಬೇಕೆಂದರೆ ಏಳೂವರೆ ಟನ್ ಇದ್ದಿಲು, ಅಂದರೆ 30 ಟನ್ ಕಟ್ಟಿಗೆ. ಗುಣಿಗೆ ಬಿದ್ದ 20 ಗ್ರಾಂ ಇದ್ದಿಲನ್ನು ದಾಟಿ ಬೇರು ಕೆಲವೇ ವಾರಗಳಲ್ಲಿ ಮುಂದೆ ಹೋಗಿರುತ್ತದೆ, ರೋಗ ಅಲ್ಲಿ ಕಾದಿರುತ್ತದೆ.

ಹೆಚ್ಚು ಹಾಕಿದರೂ ಕೆಡುಕೇ. ಸೌತೆ ಸಸಿಗಳ ರೈಜೋಕ್ಟೋನಿಯಾ (ಬುಡ ಕೊಳೆಸುವ ಶಿಲೀಂಧ್ರ) ಮೇಲಿನ ಪ್ರಯೋಗಗಳಲ್ಲಿ, ಇದ್ದಿಲು ಶೇ 1ರೊಳಗಿದ್ದಾಗ ಇಳಿದ ರೋಗ, ಇದ್ದಿಲು ಶೇ 3 ಆದಾಗ ಮತ್ತೆ ಏರಿದೆ.

ನಮ್ಮ ಎರೆ ಮಣ್ಣಿನ ರಸಸಾರ (ಪಿಎಚ್) ಬಹುಪಾಲು 8ರ ಮೇಲಿದೆ, ಇದ್ದಿಲಿನದು 9ರ ಆಸುಪಾಸು. ಸವಳು ಹತ್ತಿದ ಕಾಲುವೆ ಪಕ್ಕದ ಹೊಲದಲ್ಲಿ ಸತು, ಕಬ್ಬಿಣ ಗಿಡಕ್ಕೆ ಇನ್ನಷ್ಟು ಸಿಗದಂತಾಗುತ್ತವೆ. ಕೊಪ್ಪಳದ ಮಸಾರಿ (ಕೆಂಪು) ಭೂಮಿಗೆ ಒಪ್ಪುವುದನ್ನು ಇಲ್ಲಿಗೆ ಹಾಗೇ ತರಬಾರದು. ಅಕ್ಕಿ ಗಿರಣಿಯ ಬಿಳಿ ಬೂದಿಯಂತೂ ಬಯೋಚಾರ್ ಅಲ್ಲವೇ ಅಲ್ಲ.

ಬ್ಯಾಕ್ಟೀರಿಯಾ ಪೊಟ್ಟಣದ ಪಾಡೂ ಕಷ್ಟದ್ದು. ಸೂಡೊಮೊನಾಸ್ ಬೀಜಕ (ಬಿಸಿ ತಡೆಯುವ ಗಟ್ಟಿ ಕವಚದ ರೂಪ) ಕಟ್ಟುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿ ಬಿದ್ದ ಪುಡಿಯಲ್ಲಿ ಬದುಕಿರುವುದು ಕಡಿಮೆ. ಬಿಸಿ ತಡೆಯಲು ಬೀಜಕ ಕಟ್ಟುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಮೇಲು. ಎರಡರಲ್ಲಿ ಯಾವುದನ್ನು ಹಾಕಿದರೂ, ಅದೇ ವಾರ ಬುಡಕ್ಕೆ ತಾಮ್ರದ ಔಷಧಿ ಸುರಿದರೆ ಹಾಕಿದ್ದೂ ವ್ಯರ್ಥ.

2021-22ರಲ್ಲಿ ಮೆಣಸಿನ ಹೊಲಗಳನ್ನು ಹಾಳುಮಾಡಿದ್ದು ಹೂವಿನ ಥ್ರಿಪ್ಸ್ ನುಸಿ; ಅದನ್ನು ಹಿಡಿಯಲು ಬೇರಿನ ಉಪಚಾರ ಸಾಲದು. ಇನ್ನು ಕಾಲುವೆ ನೀರು ಬುಡದಲ್ಲಿ ಎರಡು ದಿನ ನಿಂತರೆ ಫೈಟಾಪ್ತೊರಾ ಎಂಬ ಬುಡ ಕೊಳೆ ರೋಗ ಎಷ್ಟು ಇದ್ದಿಲಿಗೂ ಜಗ್ಗುವುದಿಲ್ಲ. ಏರುಮಡಿ, ಬಸಿಗಾಲುವೆಗೆ ಮೊದಲು ದುಡ್ಡು ಹಾಕಿ, ಗುಂಡಿ ತೋಡುವ ಕೂಲಿ ಆಮೇಲೆ.