ಮೊಣಕೈ ಮೇಲಿನ ಅರಿಶಿನ ಬಣ್ಣದ ರಫು

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಲ್ಲಿ ದೊಡ್ಡಪ್ಪನ ಮಗನ ಮನೆ ಒಕ್ಕಲು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಬೆಳಗ್ಗೆ ಐದಕ್ಕೇ ಹೊರಟಿದ್ದೆವು. ಮಂಡಗದ್ದೆ ದಾಟಿ ಗಾಜನೂರು ಬರುವವರೆಗೂ ಮಂಜು ಬಿಟ್ಟಿರಲಿಲ್ಲ. ಪಂಚೆ ಶರ್ಟಿನ ಮೇಲೆ ನನ್ನ ನೀಲಿ ಸ್ವೆಟರ್ ಹಾಕಿಕೊಂಡಿದ್ದೆ. ಚಪ್ಪರದ ಬಾಗಿಲಲ್ಲೇ ದೊಡ್ಡಪ್ಪ ನನ್ನ ತೋಳು ಹಿಡಿದು ಮೊಣಕೈಯನ್ನು ಕಣ್ಣಿನ ಹತ್ತಿರ ಎಳೆದುಕೊಂಡರು. ಅಲ್ಲಿ ಅಂಗೈ ಅರ್ಧದಷ್ಟು ಜಾಗದಲ್ಲಿ ಅರಿಶಿನ ಬಣ್ಣದ ನೂಲಿನಲ್ಲಿ ರಫು ಹಾಕಿತ್ತು.

"ಎಂತ ಮಾರಾಯ ಇದು? ಅಲ್ಲಿ ಸಂಬಳಗಿಂಬಳ ಕೊಡ್ತಾರೋ ಇಲ್ವೋ?"

ಸುತ್ತ ನಿಂತಿದ್ದ ನಾಲ್ಕು ಜನ ನಕ್ಕರು. ದೊಡ್ಡಪ್ಪ ಪ್ರೀತಿಯಿಂದಲೇ ಕೇಳಿದ್ದು, ಅದು ನನಗೂ ಗೊತ್ತು. ಚಿಕ್ಕಮ್ಮ ಮಾತ್ರ ಕಿವಿಯ ಹತ್ತಿರ ಬಂದು, "ಒಳಗೆ ಬಿಚ್ಚಿಟ್ಟು ಬಾ, ಫೋಟೋ ತೆಗೀತಿದಾರೆ" ಅಂದಳು. ಬಿಚ್ಚಿಟ್ಟೆ. ಊಟದ ಪಂಕ್ತಿಯಲ್ಲಿ ಅಮ್ಮನ ಮುಖ ನೋಡಿದರೆ, ಮಗನ ಬಟ್ಟೆಯ ತೂತಿಗೆ ತಾನೇ ಹೊಣೆ ಅನ್ನುವ ಹಾಗಿತ್ತು. ಮಾರನೇ ದಿನ ಬೆಳಗ್ಗೆ ಗೂಟದಲ್ಲಿ ಸ್ವೆಟರ್ ಇರಲಿಲ್ಲ. ಅಡಿಕೆ ಸುಲಿಯಲು ಬರುವ ಅಕ್ಕನಿಗೆ ಕೊಟ್ಟಾಗಿತ್ತು. "ಗಾಂಧಿಬಜಾರಿಗೆ ಹೋಗಿ ಹೊಸದು ತಗಳನ" ಅಂದಳು ಅಮ್ಮ. ನನಗೆ ಒಂದು ಮಾತೂ ಆಡಲು ಆಗಲಿಲ್ಲ. ಆಗ ಆಡದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಇರುವುದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ರಿಪೇರಿ ಕೆಫೆ ನಡೆಯುತ್ತದೆ. 2009ರ ಅಕ್ಟೋಬರ್ 18ರಂದು ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಆಂಸ್ಟರ್‌ಡ್ಯಾಮ್‌ನಲ್ಲಿ ಇಂಥ ಮೊದಲ ಕೆಫೆ ನಡೆಸಿದರು. ಈಗ ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚಿವೆ. ಒಂದು ಮೇಜಿನ ಮೇಲೆ ಸೈಕಲ್ ದೀಪ, ಇನ್ನೊಂದರ ಮೇಲೆ ಕಾಫಿ ಯಂತ್ರ, ಕಿಟಕಿ ಹತ್ತಿರದ ಎರಡು ಮೇಜು ಬಟ್ಟೆಗೆ. ನಾನು ಮೊದಲ ಸಲ ಹೋದಾಗ ಸ್ವೆಟರನ್ನು ಕೊಟ್ಟು ಬರುವುದು, ಅವರು ಹೊಲಿದು ಕೊಡುವುದು ಅಂದುಕೊಂಡಿದ್ದೆ. ಅಲ್ಲಿದ್ದ ನಿವೃತ್ತ ಟೀಚರಮ್ಮ ಪಕ್ಕದ ಕುರ್ಚಿ ಎಳೆದು ನನ್ನನ್ನು ಕೂರಿಸಿ ಸೂಜಿಯನ್ನು ನನ್ನ ಕೈಗೇ ಕೊಟ್ಟರು. ಅಣಬೆ ಆಕಾರದ ಒಂದು ಮರದ ತುಂಡನ್ನು ತೂತಿನ ಕೆಳಗೆ ಇಟ್ಟರು, ಬಟ್ಟೆ ಬಿಗಿಯಾಗಿ ನಿಲ್ಲಲಿ ಅಂತ. ಮೊದಲು ಉದ್ದಕ್ಕೆ ಎಳೆ ಹಾಸಿಕೊಳ್ಳಬೇಕು. ಆಮೇಲೆ ಅಡ್ಡಕ್ಕೆ ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಸೂಜಿ ಹೊಗಿಸುತ್ತಾ ಬರಬೇಕು. ಹಾಸುಹೊಕ್ಕು ಅನ್ನುವ ಮಾತನ್ನು ಭಾಷಣ ಪ್ರಬಂಧಗಳಲ್ಲಿ ಎಷ್ಟು ಸಲ ಬಳಸಿದ್ದೆನೋ. ಅದು ಬೆರಳಿಗೆ ತಿಳಿದದ್ದು ಅವತ್ತು.

ನಾನು ಡಬ್ಬಿಯಲ್ಲಿ ನೀಲಿ ನೂಲು ಹುಡುಕುತ್ತಿದ್ದೆ. "ಯಾಕೆ ಅಡಗಿಸುತ್ತೀಯ? ನಿನಗೆ ಇಷ್ಟದ ಬಣ್ಣ ತಗೋ" ಅಂದರು. ಅರಿಶಿನ ಬಣ್ಣದ್ದು ತೆಗೆದುಕೊಂಡೆ. ಒಂದೂವರೆ ಗಂಟೆ ಹಿಡಿಯಿತು. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಜೀನ್ಸಿನ ಮಂಡಿಗೆ ತೇಪೆ ಹಾಕುತ್ತಿದ್ದ, ಇನ್ನೊಬ್ಬಳು ರೇನ್‌ಕೋಟಿನ ಜಿಪ್ ಬಿಚ್ಚುತ್ತಿದ್ದಳು. ಹರಿದದ್ದನ್ನು ಹತ್ತು ಜನರ ಮುಂದೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆವು. ಯಾರಿಗೂ ಸಂಕೋಚವಿರಲಿಲ್ಲ. ಎದ್ದು ಬರುವಾಗ ಪೆಟ್ಟಿಗೆಗೆ ಎರಡು ಯೂರೋ ಹಾಕಿದೆ. ಅದೂ ಮನಸ್ಸಿದ್ದರೆ ಹಾಕಿದರಾಯಿತು.

ನನ್ನ ಅಜ್ಜಿ ದಿನಾ ಮಧ್ಯಾಹ್ನ ಊಟ ಮುಗಿಸಿ, ಗಂಡಸರೆಲ್ಲ ಮಲಗಿದ ಮೇಲೆ, ಹಿಂದಿನ ಜಗಲಿಯಲ್ಲಿ ಕೂತು ಹೊಲಿಯುತ್ತಿದ್ದಳು. ಹಿಂದಿನ ಜಗಲಿ ಅನ್ನುವುದನ್ನು ಬೇಕೆಂದೇ ಬರೆದೆ. ಮುಂದಿನ ಜಗಲಿಗೆ ಆ ಬಟ್ಟೆಗಳು ಯಾವತ್ತೂ ಬರಲಿಲ್ಲ. ಅವಳ ರಫು ಎಂಥದ್ದೆಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು ಸೂಜಿಗೆ ಪೋಣಿಸಿಕೊಳ್ಳುತ್ತಿದ್ದಳು, ಬಣ್ಣ ಎಳ್ಳಷ್ಟೂ ಬೇರೆ ಕಾಣಬಾರದು ಅಂತ. ಮುಗಿದ ಮೇಲೆ ಬೆಳಕಿಗೆ ಹಿಡಿದು, "ಎಲ್ಲಿ ಹರಿದಿತ್ತು ಹೇಳು ನೋಡನ" ಅನ್ನುತ್ತಿದ್ದಳು. ನನಗೆ ಗೊತ್ತಾಗದಿದ್ದರೆ ಅವಳಿಗೆ ಖುಷಿ. ಅಪ್ಪನ ಶರ್ಟಿನ ಕಾಲರ್ ಸವೆದರೆ ತೀರ್ಥಹಳ್ಳಿಯ ಟೈಲರ್ ಹತ್ತಿರ ಹೋಗಿ ತಿರುಗಿಸಿ ಹೊಲಿಸಿಕೊಂಡು ಬರುತ್ತಿದ್ದರು. ಅದನ್ನೂ ಬೇರೆ ಬಟ್ಟೆಯ ಒಳಗೆ ಸುತ್ತಿ ಒಯ್ಯುತ್ತಿದ್ದರು. ನೂಲಿನ ಸೀರೆ ಹಳತಾಗಿ ಕೌದಿಯಾಗಿ, ಕೌದಿ ಮಸಿಅರಿವೆಯಾಗಿ, ಮಸಿಅರಿವೆ ನೆಲ ಒರೆಸುವುದಾಗಿ ಹೋಗುತ್ತಿತ್ತು. ಆ ಮನೆಯಿಂದ ಬಟ್ಟೆ ಹೊರಗೆ ಬಿಸಾಡಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು? ಅಡಿಕೆಗೆ ರೇಟು ಬಂತು, ರೆಡಿಮೇಡ್ ಬಂತು ಅನ್ನುತ್ತಾರೆ. ನಿಜ. ಆದರೆ ನನಗೆ ಅನಿಸುವುದು, ನಾವು ಅದನ್ನು ಮುಚ್ಚಿಟ್ಟುಕೊಂಡೇ ಮಾಡಿದ್ದರಿಂದ ಅದು ಅಷ್ಟು ಬೇಗ ಹೋಯಿತು. ಯಾರ ಕಣ್ಣಿಗೂ ಬೀಳದ ಕೆಲಸವನ್ನು ಯಾರೂ ಕಲಿಯುವುದಿಲ್ಲ. ಅಮ್ಮ ಕಲಿತಳು, ಸೊಸೆಯಾಗಿದ್ದರಿಂದ. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮೊದಲು ಕೈಬಿಟ್ಟದ್ದು ಅದನ್ನೇ. ನನಗೆ ಯಾರೂ ಹೇಳಿಕೊಡಲಿಲ್ಲ, ಗಂಡುಹುಡುಗ ಅಂತ. ನಮ್ಮಲ್ಲಿ ಇದೊಂದು ವಿಚಿತ್ರ ನೋಡಿ: ಪೇಟೆಯಲ್ಲಿ ಮೆಷಿನ್ ಇಟ್ಟುಕೊಂಡು ದುಡ್ಡಿಗೆ ಹೊಲಿಯುವ ಗಂಡಸರು ಬೇಕಾದಷ್ಟಿದ್ದಾರೆ, ತನ್ನ ಮನೆಯ ಅಂಗಿಗೆ ತಾನೇ ಗುಂಡಿ ಹಾಕುವ ಗಂಡಸು ಸಿಗುವುದಿಲ್ಲ.

ಈಗ ಶಿವಮೊಗ್ಗದಲ್ಲಿ ಒಂದು ಜಿಪ್ ಹಾಕಿಸಲು ಮೂರು ಅಂಗಡಿ ಅಲೆದೆ. "ಆಲ್ಟರೇಶನ್ ತಗೊಳ್ಳಲ್ಲ ಸಾರ್, ಮದುವೆ ಬ್ಲೌಸೇ ರಾಶಿ ಬಿದ್ದಿವೆ" ಅಂದರು. ಮೂರನೆಯವರು ಕೂರಿಸಿ ಸಮಾಧಾನದಿಂದ ಹೇಳಿದರು: ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ ಹೊತ್ತು ಜಾಸ್ತಿ, ಬಿಚ್ಚಿದ್ದಕ್ಕೆ ಕೂಲಿ ಕೊಡುವವರಿಲ್ಲ. ಅವರ ಮಾತಿನಲ್ಲಿ ತಪ್ಪೇನಿದೆ? ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಈಗ ಗಂಟನ್ನು ಕಾಲಿನಿಂದ ಸರಿಸಿ, ಜರಿ ಸೀರೆ ಇದೆಯಾ ಅಂತ ಕೇಳುತ್ತಾಳೆ. ಕೆಲವು ಸೀರೆ ಹಂದಿ ಬಾರದಿರಲಿ ಅಂತ ಗದ್ದೆಯ ಸುತ್ತ ಕಟ್ಟಲು ಹೋಗುತ್ತವೆ. ಉಳಿದದ್ದು ಬಚ್ಚಲೊಲೆಗೆ. ಅಜ್ಜಿಯ ಕಾಲದ ನೂಲಿನ ಬಟ್ಟೆ ಸುಟ್ಟರೆ ಬೂದಿಯಾಗುತ್ತಿತ್ತು. ಪಾಲಿಯೆಸ್ಟರ್ ಕರಗಿ, ಒಲೆಯ ಕಲ್ಲಿಗೆ ಕರ್ರಗೆ ಅಂಟಿಕೊಂಡು, ಆ ಹೊಗೆ ಸ್ನಾನಕ್ಕೆ ಕೂತವರ ಮೂಗಿಗೇ ಬರುತ್ತದೆ. ಈ ಬಟ್ಟೆಯಲ್ಲಿ ಕೌದಿಯೂ ಆಗುವುದಿಲ್ಲ ಅನ್ನುತ್ತಾಳೆ ಅಮ್ಮ. ಜಾರುತ್ತದೆ, ನೀರು ಹೀರುವುದಿಲ್ಲ, ಮೈಗೆ ಬೆಚ್ಚಗೂ ಆಗುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಅಂಥದೊಂದು ರಿಪೇರಿ ಕೆಫೆ ಮಾಡಲು ನಮ್ಮ ಜಿಲ್ಲೆಯಲ್ಲಿ ಏನು ಕೊರತೆಯಿದೆ? ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಅನ್ನುವ ಸಂಘದಲ್ಲಿ ಹಳ್ಳಿಯ ಹೆಂಗಸರು ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಣ್ಣ ಕಟ್ಟಿ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಮಾಚೇನಹಳ್ಳಿಯ ಗಾರ್ಮೆಂಟ್ಸ್‌ಗೆ ಬೆಳಗಾಗುವುದರೊಳಗೆ ಬಸ್ಸು ತುಂಬಿ ಹೋಗುವ ಹೆಣ್ಣುಮಕ್ಕಳು ದಿನವಿಡೀ ಮೆಷಿನ್ ಮುಂದೆ ಕೂರುತ್ತಾರೆ. 2000ನೇ ಇಸವಿಯಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಿವೆ, ಮೆಷಿನ್‌ಗೆ ಸಾಲ ಸಿಗುತ್ತದೆ, ಹೊಲಿಗೆ ತರಬೇತಿಯೂ ನಡೆಯುತ್ತದೆ. ನಾನು ನೋಡಿದ ತರಬೇತಿಗಳಲ್ಲಿ ಮಾತ್ರ ರವಿಕೆ ಕತ್ತರಿಸುವುದನ್ನು ಕಲಿಸುತ್ತಿದ್ದರು, ರಫು ಹಾಕುವುದನ್ನಲ್ಲ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಹಳೆ ಟೈಲರ್‌ಗಳು ದುರ್ಗಿಗುಡಿಯಲ್ಲೇ ಹತ್ತು ಜನ ಸಿಗಬಹುದು. ತಿಂಗಳಿಗೊಂದು ಭಾನುವಾರ, ಯಾವುದಾದರೂ ಶಾಲೆಯ ಒಂದು ಕೋಣೆ, ಎರಡು ಕಾಲುಮೆಷಿನ್, ಗುಂಡಿ ದಾರ ಜಿಪ್‌ಗಳ ಒಂದು ಪೆಟ್ಟಿಗೆ, ಒಂದು ಫ್ಲಾಸ್ಕ್ ಕಾಫಿ. ಇದಕ್ಕೆ ಯಾವ ಅನುದಾನ ಬೇಕು? ಬೇಕಾದದ್ದು ಹರಿದ ಬಟ್ಟೆ ಹಿಡಿದು ಮುಂದಿನ ಬಾಗಿಲಿನಿಂದ ಒಳಗೆ ಬರುವ ಧೈರ್ಯ. ಅದೊಂದು ನಮ್ಮಲ್ಲಿಲ್ಲ ಅಂತ ನಾನು ಆ ವಾರವಿಡೀ ಅಮ್ಮನಿಗೆ, ಭಾವನಿಗೆ, ಸಿಕ್ಕಿದವರಿಗೆಲ್ಲ ಹೇಳುತ್ತಾ ತಿರುಗಿದೆ.

ಹೊರಡುವ ಎರಡು ದಿನ ಮುಂಚೆ, ಸಂಜೆ ಅಡಿಕೆ ಸುಲಿಯುವ ಕಡೆ ಹೋಗಿ ಕೂತಿದ್ದೆ. ಮೆಟ್ಟುಗತ್ತಿಗಳ ಸದ್ದು ನಡೆದೇ ಇತ್ತು. ಆ ಅಕ್ಕ ಎದ್ದು ಹೋಗಿ ಒಂದು ಕವರ್ ತಂದು ನನ್ನ ಕೈಗೆ ಕೊಟ್ಟಳು. ಒಳಗೆ ಸ್ವೆಟರ್, ಒಗೆದು ಮಡಿಚಿದ್ದು.

"ಬೇಜಾರು ಮಾಡ್ಕಬೇಡ ತಮ್ಮಾ. ಮಗಳಿಗೆ ಕೊಟ್ಟೆ, ಕಾಲೇಜಿಗೆ ಹಾಕ್ಕಂಡು ಹೋಗಲ್ಲ ಅಂದ್ಲು. ನಾನೂ ಒತ್ತಾಯ ಮಾಡ್ಲಿಲ್ಲ. ನಾನು ಶಾಲೆಗೆ ಹೋಗೋವಾಗ ಲಂಗದ ಹಿಂದೆ ಇಷ್ಟಗಲ ತೇಪೆ ಇತ್ತು. ಕೂತಲ್ಲಿಂದ ಏಳಕ್ಕೆ ನಾಚಿಕೆ. ಬೋರ್ಡಿನ ಹತ್ರ ಕರೆದ್ರೆ ಉತ್ತರ ಗೊತ್ತಿದ್ರೂ ಗೊತ್ತಿಲ್ಲ ಅಂತಿದ್ದೆ."

ಅಷ್ಟು ಹೇಳಿ ಮತ್ತೆ ಕತ್ತಿಯ ಮೇಲೆ ಕಾಲಿಟ್ಟಳು. ನನ್ನ ತೋಳಿನ ರಫು ನಾನು ಆರಿಸಿಕೊಂಡದ್ದು, ಬಣ್ಣದ ಸಮೇತ. ಬೀರುವಿನಲ್ಲಿ ಇನ್ನೂ ಮೂರು ಸ್ವೆಟರ್ ಇವೆ. ಅವಳ ಲಂಗಕ್ಕೆ ಆ ಆಯ್ಕೆ ಇರಲಿಲ್ಲ. ಅವಳ ಮಗಳ ಮುಂದೆ ನಿಂತು ತೇಪೆಯನ್ನು ನಾಚಿಕೆಯಿಲ್ಲದೆ ತೋರಿಸು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಶುರು ಮಾಡುವುದಿದ್ದರೆ ಹೊಸ ಮನೆ ಕಟ್ಟಿಸಿದ ನಮ್ಮ ದೊಡ್ಡಪ್ಪನಂಥವರ ಮನೆಯಿಂದ ಶುರುವಾಗಬೇಕು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಾನು ಹೊಗಳಿದ ಆ ಊರಿನ ಬೀದಿ ಮೂಲೆಯಲ್ಲಿ ಹಳೆ ಬಟ್ಟೆ ಹಾಕುವ ಕಬ್ಬಿಣದ ಡಬ್ಬಗಳಿವೆ. 2025ರ ಜನವರಿಯಿಂದ ಐರೋಪ್ಯ ಒಕ್ಕೂಟದ ದೇಶಗಳೆಲ್ಲ ಹಳೆ ಬಟ್ಟೆಯನ್ನು ಬೇರೆಯಾಗಿಯೇ ಸಂಗ್ರಹಿಸಬೇಕು ಅಂತ ನಿಯಮ. ಆ ಡಬ್ಬಗಳು ನನ್ನ ಬೀದಿಯಲ್ಲಿ ಎಷ್ಟೋ ಸಲ ಬಾಯಿ ಮುಚ್ಚಲಾರದಷ್ಟು ತುಂಬಿರುತ್ತವೆ. ಕೆಫೆಯಲ್ಲಿ ನಾವು ಕೂತು ರಿಪೇರಿ ಮಾಡುವುದು ತಿಂಗಳಿಗೆ ಇಪ್ಪತ್ತೋ ಮೂವತ್ತೋ ಬಟ್ಟೆ. ಯುರೋಪಿನ ಹಳೆ ಉಣ್ಣೆ ಬಟ್ಟೆಯಲ್ಲಿ ಒಂದು ಪಾಲು ಹಡಗು ಹತ್ತಿ ನಮ್ಮದೇ ದೇಶದ ಪಾಣಿಪತ್‌ಗೆ ಬರುತ್ತದೆ. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಗುಂಡಿ, ಜಿಪ್ ಕಿತ್ತು, ಬಣ್ಣದ ಪ್ರಕಾರ ರಾಶಿ ಹಾಕುತ್ತಾರೆ. ಯಂತ್ರ ಅದನ್ನು ಹಿಂಜುತ್ತದೆ, ಮತ್ತೆ ನೂತು ಕಂಬಳಿ ಮಾಡುತ್ತಾರೆ. ಹೊಲಿಯುವುದನ್ನು ಮೇಜಿನ ಮೇಲೆ ಇಟ್ಟುಕೊಂಡಿರುವ ಊರು ತನ್ನ ರಾಶಿಯನ್ನು ನಮ್ಮ ಹಿತ್ತಲಿಗೆ ಕಳಿಸಿದೆ. ಅಜ್ಜಿಯ ಹಿತ್ತಲಿನಲ್ಲಿ ರಾಶಿಯೇ ಇರಲಿಲ್ಲ.

ಸ್ವೆಟರನ್ನು ಮನೆಗೆ ತಂದು ಮತ್ತೆ ಗೂಟಕ್ಕೆ ಹಾಕಿದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಬಂದ ಅಮ್ಮ ಅದನ್ನು ನೋಡಿದಳು. ಏನೂ ಕೇಳಲಿಲ್ಲ. ಕೈಗೆ ತೆಗೆದುಕೊಂಡು ಒಳಮಗ್ಗುಲು ಹೊರಗೆ ಮಾಡಿ, ಕನ್ನಡಕ ಸರಿಮಾಡಿಕೊಂಡು ದೀಪದ ಹತ್ತಿರ ಹಿಡಿದಳು.

"ಕೊನೆ ಎಳೆ ಹಾಗೇ ಕತ್ತರಿಸಿ ಬಿಟ್ಟಿದೀಯಲ್ಲೋ. ಇನ್ನು ನಾಲ್ಕು ಒಗೆತಕ್ಕೆ ಬಿಚ್ಚಿ ಬರುತ್ತೆ. ಹಿಂದುಗಡೆ ಇಷ್ಟುದ್ದ ಒಳಗೇ ಎಳ್ಕೊಂಡು ಹೋಗಿ ಬಿಡಬೇಕು. ನಿಮ್ಮಜ್ಜಿ ಇದ್ದಿದ್ರೆ ಪೂರ್ತಿ ಬಿಚ್ಚಿಸ್ತಿದ್ರು."

ಹೆಬ್ಬೆರಳಿನಿಂದ ಆ ಜಾಗವನ್ನು ಎರಡು ಸಲ ತಿಕ್ಕಿ ನೋಡಿದಳು.

"ಈ ಬಣ್ಣದ ನೂಲು ಇನ್ನೂ ಇದ್ಯಾ?"

ಅಲ್ಲಿ ಡಬ್ಬಿಯಲ್ಲಿದೆ ಅಂದೆ.

"ಮುಂದಿನ ಸಲ ತಗಂಡು ಬಾ" ಅಂದಳು.