ನೆಟ್ ನೆಟ್ಟಗಿದೆ, ಪರದೆ ಓದಿ

ನಮ್ಮ ಕಡೆ ಕಂಪ್ಯೂಟರಿಗೆ ಏನೇ ಆಗಲಿ, ಅಪವಾದ ಮೊದಲು ನೆಟ್ ಮೇಲೆ, ಆಮೇಲೆ ಕರೆಂಟಿನ ಮೇಲೆ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಸುಗ್ಗಿಯ ಹೊತ್ತಿಗೆ ಆದದ್ದೂ ಅದೇ. ಕಾಟಾದಲ್ಲಿ ತೂಗಿದ ಲಾರಿಗಳ ಲೆಕ್ಕವೆಲ್ಲ ರಾತ್ರಿ ಆರ್‌ಸಿಂಕ್ ಎಂಬ, ಫೈಲುಗಳನ್ನು ಇನ್ನೊಂದು ಕಂಪ್ಯೂಟರಿಗೆ ನಕಲಿಸುವ ಪ್ರೋಗ್ರಾಮಿನ ಮೂಲಕ ಕೊಪ್ಪಳದ ಕಚೇರಿಯ ಸರ್ವರಿಗೆ ಹೋಗಬೇಕು. ಅದು ನಿಂತಿತ್ತು. ಗುಮಾಸ್ತರು ರೂಟರನ್ನು ಆರಿಸಿ ಹಚ್ಚಿದ್ದೇ ಹಚ್ಚಿದ್ದು. ಸಾಹುಕಾರರು ಹೊಸ ಸಂಪರ್ಕಕ್ಕೆ ದುಡ್ಡು ಕಟ್ಟಲು ಹೊರಟಿದ್ದರು.

ಕಾರಣ ಪರದೆಯ ಮೇಲೆಯೇ ಇತ್ತು. ಪ್ರೊಟೊಕಾಲ್ ಆವೃತ್ತಿ ತಾಳೆಯಾಗುತ್ತಿಲ್ಲ, ನಿಮ್ಮ ಶೆಲ್ ಸ್ವಚ್ಛವಾಗಿದೆಯೇ ಎಂದು ಆರ್‌ಸಿಂಕ್ ಕೇಳುತ್ತಿತ್ತು. ಪ್ರೊಟೊಕಾಲ್ ಎಂದರೆ ಎರಡು ಯಂತ್ರಗಳು ಮಾತಾಡಿಕೊಳ್ಳುವ ಕಟ್ಟಳೆ, ಶೆಲ್ ಎಂದರೆ ನಮ್ಮ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಮು. ಮೊದಲರ್ಧ ಓದಿದವರು ಎರಡೂ ಕಡೆ ಹೊಸ ಆವೃತ್ತಿ ಹಾಕಿ ಕೈಚೆಲ್ಲಿದ್ದರು. ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಹುಡುಕಿರಲಿಲ್ಲ.

ಆರ್‌ಸಿಂಕ್ ಸರ್ವರನ್ನು ಮುಟ್ಟುತ್ತಿದ್ದುದು ಎಸ್‌ಎಸ್‌ಎಚ್ ಎಂಬ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕ ಕೊಡುವ ಪ್ರೋಗ್ರಾಮಿನ ಮೂಲಕ. ಎಸ್‌ಎಸ್‌ಎಚ್ ಕೊಡುವುದು ಒಂದು ಭದ್ರವಾದ ಕೊಳವೆ, ಅಷ್ಟೇ. ಅದರ ಎರಡು ತುದಿಯಲ್ಲೂ ಆರ್‌ಸಿಂಕ್ ಕೂತು ಮೊಟ್ಟಮೊದಲು ತನ್ನ ಪ್ರೊಟೊಕಾಲ್ ಸಂಖ್ಯೆ ಹೇಳಿಕೊಳ್ಳುತ್ತದೆ. ಆ ಸಂಖ್ಯೆಗಿಂತ ಮುಂಚೆ ಬೇರೆ ಒಂದಕ್ಷರ ಬಂದರೂ ಅದನ್ನೇ ಸಂಖ್ಯೆಯೆಂದು ಓದಿ ಗಾಬರಿಯಾಗುತ್ತದೆ. ಪರೀಕ್ಷೆಯೂ ಸುಲಭ: ಎಸ್‌ಎಸ್‌ಎಚ್‌ನಿಂದ ಸರ್ವರಿನಲ್ಲಿ ‘ಟ್ರೂ’ ಎಂಬ, ಏನನ್ನೂ ಮಾಡದ ಆಜ್ಞೆಯನ್ನು ಓಡಿಸಿ, ಬಂದ ಉತ್ತರವನ್ನು ಒಂದು ಫೈಲಿಗೆ ತುಂಬಿಸಬೇಕು. ಫೈಲಿನ ಗಾತ್ರ 0 ಬೈಟ್ ಇರಬೇಕು. ನಾನು ತೆರೆದಾಗ ಒಳಗೆ ‘ಶುಭೋದಯ, ಇಂದಿನ ದಿನಾಂಕ’ ಎಂಬ ಸಾಲು! ಹೊಸದಾಗಿ ಸೇರಿದ ಹುಡುಗನೊಬ್ಬ ಅಕ್ಕರೆಯಿಂದ ಅದನ್ನು ಸರ್ವರಿನ ಬ್ಯಾಶ್‌ಆರ್‌ಸಿ ಫೈಲಿನ, ಅಂದರೆ ಶೆಲ್ ಶುರುವಾಗುವಾಗ ಓದುವ ಫೈಲಿನ ನೆತ್ತಿಯಲ್ಲೇ ಬರೆದಿದ್ದ. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಆ ಫೈಲಿನಲ್ಲಿ, ಎದುರಿಗೆ ಮನುಷ್ಯರಿಲ್ಲದಿದ್ದರೆ ಇಲ್ಲಿಗೇ ನಿಲ್ಲು ಎನ್ನುವ ಸಾಲುಗಳು ಮೊದಲೇ ಇರುತ್ತವೆ. ಶುಭಾಶಯವನ್ನು ಅವುಗಳ ಕೆಳಗೆ ಇಳಿಸಿದೆ, ಫೈಲುಗಳು ಓಡತೊಡಗಿದವು. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಯಂತ್ರಕ್ಕೂ ಶುಭೋದಯ ಹೇಳುವವರು ಎಷ್ಟು ಜನ ಸಿಗುತ್ತಾರೆ?

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿದರೆ ಅದೇ ಸರ್ವರೆಂದು ತೋರಿಸಿಕೊಡುವ ಗುರುತಿನ ಕೀಲಿ ಬದಲಾಗುತ್ತದೆ, ಎಸ್‌ಎಸ್‌ಎಚ್ ದೊಡ್ಡಕ್ಷರಗಳಲ್ಲಿ ಎಚ್ಚರಿಸಿ ಬಾಗಿಲು ಹಾಕುತ್ತದೆ. ಆಗ ‘ಆ ತಪಾಸಣೆಯನ್ನೇ ಬಂದ್ ಮಾಡಿ ಸಾರ್’ ಎಂದು ಸಲಹೆ ಕೊಡುವವರಿದ್ದಾರೆ. 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದೇ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದಿದ್ದರಿಂದ. ಕಾವಲಿಗೆಂದೇ ಹುಟ್ಟಿದ್ದನ್ನು ಇಟ್ಟುಕೊಂಡು ಕಾವಲನ್ನೇ ತೆಗೆಯುವುದು ಯಾವ ಜಾಣತನ? ಕಚೇರಿಗೆ ಒಂದು ಫೋನ್ ಮಾಡಿ, ಹೊಸ ಕೀಲಿಯ ಬೆರಳಚ್ಚನ್ನು (ಆ ಕೀಲಿಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲನ್ನು) ಅಲ್ಲಿರುವವರಿಂದ ಓದಿಸಿ ತಾಳೆ ನೋಡಿ. ಸರಿಯಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಉಳಿದಿರುವ ಆ ಸರ್ವರಿನ ಹಳೆಯ ಕೀಲಿಯ ನಮೂದನ್ನು ಮಾತ್ರ ಅಳಿಸಿ.

ಹಗಲು ಕೈಯಿಂದ ಓಡಿಸಿದರೆ ಸರಿ, ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸವನ್ನು ತಾನೇ ಓಡಿಸುವ ಪ್ರೋಗ್ರಾಮಿನಲ್ಲಿ) ಇಲ್ಲ ಎನ್ನುವವರು, ಸರ್ವರಿನೊಳಗೆ ಹೋಗಲು ಬಳಸುವ ನಿಮ್ಮ ಕೀಲಿಗೆ ಪಾಸ್‌ಫ್ರೇಸ್, ಅಂದರೆ ಗುಟ್ಟಿನ ಪದಗಳ ಬೀಗ, ಇದೆಯೇ ನೋಡಿಕೊಳ್ಳಿ. ರಾತ್ರಿ ಅದನ್ನು ಟೈಪ್ ಮಾಡುವವರು ಯಾರು? ದೋಷ ಸಂಖ್ಯೆ 127 ಬಂದರೆ ಸಾಮಾನ್ಯವಾಗಿ ಆ ಕಡೆ ಆರ್‌ಸಿಂಕ್ ಹಾಕಿಲ್ಲವೆಂದೇ ಅರ್ಥ. 255 ಬಂದರೆ ತಕರಾರು ಹೆಚ್ಚಾಗಿ ಎಸ್‌ಎಸ್‌ಎಚ್‌ನದು. ಆಗ ಬೇಕಾದರೆ ನೆಟ್ ಅನ್ನು ಅನುಮಾನಿಸಿ, ನಾನು ಅಡ್ಡ ಬರುವುದಿಲ್ಲ.

ಅಂದ ಹಾಗೆ, ಸಾಹುಕಾರರು ಹೊಸ ಸಂಪರ್ಕವನ್ನೂ ಹಾಕಿಸಿದರು.