ಇನ್ನೂ ಸ್ವಲ್ಪ ನಿಧಾನ ಓಡಿ

ಓಡಲು ಶುರು ಮಾಡಿ ಎರಡು ಮೂರು ವಾರಕ್ಕೇ ಬಿಟ್ಟವರನ್ನು ಬಹಳ ನೋಡಿದ್ದೇನೆ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಉತ್ತರ: "ನನ್ನ ಕೈಲಿ ಆಗಲ್ಲ ಬಿಡಿ, ಓಟ ಎಲ್ಲ ನಮ್ಮಂಥವರಿಗಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಅವರಲ್ಲಿ ಬಹುಪಾಲು ಜನ ಬಿಟ್ಟಿದ್ದು ಸೋಮಾರಿತನದಿಂದಲ್ಲ. ಮೈ ಒಗ್ಗುವ ಮೊದಲೇ ಅದಕ್ಕೆ ಮೀರಿದ ವೇಗದಲ್ಲಿ ಓಡಿದರು. ಮೂರು ನಿಮಿಷಕ್ಕೆ ಏದುಸಿರು, ಐದು ನಿಮಿಷಕ್ಕೆ ಪಕ್ಕೆ ಹಿಡಿತ, ಮಾರನೇ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆನೋವು. ದಿನಾ ಹೀಗೇ ಆದರೆ ಯಾರು ತಾನೇ ಮುಂದುವರಿಸುತ್ತಾರೆ?

ತಪ್ಪು ಅವರದ್ದೂ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ಬಗೆಯ ಓಟ. ಒಂದು, ಶಾಲೆಯ ಕ್ರೀಡಾಕೂಟದ ನೂರು ಮೀಟರ್. ಇನ್ನೊಂದು, ತಡವಾಗಿ ಬಂದದ್ದಕ್ಕೋ ಗಲಾಟೆ ಮಾಡಿದ್ದಕ್ಕೋ ಮೈದಾನ ಸುತ್ತಿಸುವ ಶಿಕ್ಷೆ. ಮೊದಲನೆಯದರಲ್ಲಿ ಮೂರು ಜನ ಗೆಲ್ಲುತ್ತಾರೆ, ಉಳಿದವರೆಲ್ಲ ಸೋಲುತ್ತಾರೆ. ಎರಡನೆಯದರಲ್ಲಿ ಎಲ್ಲರೂ ಸೋಲುತ್ತಾರೆ. ಮಕ್ಕಳಿಗೆ ಓಟವನ್ನು ಶಿಕ್ಷೆಯಾಗಿ ಕೊಡುವುದನ್ನು ನಿಲ್ಲಿಸಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಮಗುವಿಗೆ ಸಹಜವಾಗಿ ಇಷ್ಟವಾಗುವ ಒಂದು ಕೆಲಸವನ್ನು ಹತ್ತು ವರ್ಷ ಹೀಗೆ ಅವಮಾನದ ಜೊತೆ ಕಟ್ಟಿಹಾಕಿದರೆ, ನಲವತ್ತನೇ ವಯಸ್ಸಿನಲ್ಲಿ ಡಾಕ್ಟರು "ಸ್ವಲ್ಪ ಓಡಾಡಿ" ಅಂದಾಗ ಆ ಮನುಷ್ಯ ಎಲ್ಲಿಂದ ಉತ್ಸಾಹ ತರಬೇಕು?

ನಿಧಾನದ ಓಟ ಅಂತ ಮೂರನೆಯದೊಂದಿದೆ. ಅದನ್ನು ನಮಗೆ ಯಾರೂ ಕಲಿಸಲಿಲ್ಲ.

ಎಷ್ಟು ನಿಧಾನ ಅಂದರೆ, ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುವಷ್ಟು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಇದಕ್ಕೆ ಗಡಿಯಾರ ಬೇಡ, ಹೃದಯದ ಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ಬೇಡ. ಒಬ್ಬರೇ ಓಡುವವರು ಗೊತ್ತಿರುವ ಪದ್ಯವೊಂದನ್ನು ಮೆಲ್ಲಗೆ ಹೇಳಿಕೊಂಡು ನೋಡಬಹುದು. ಹೊಸಬರಿಗೆ ಈ ವೇಗ ಬಿರುಸು ನಡಿಗೆಗಿಂತ ಕೊಂಚ ಹೆಚ್ಚಿರುತ್ತದೆ, ಅಷ್ಟೇ. ಎಷ್ಟೋ ಜನರಿಗೆ ಆ ವೇಗದಲ್ಲೂ ಮಾತು ಬರುವುದಿಲ್ಲ. ಅಂಥವರು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಲಿ. ನಡುವೆ ನಡೆದರೆ ಅದು ಓಟವೇ ಅಲ್ಲ ಅನ್ನುವವರ ಮಾತಿಗೆ ಕಿವಿಗೊಡಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಹತ್ತು ಸಾವಿರ ಮೀಟರ್ ಓಡಿದ್ದ ಜೆಫ್ ಗ್ಯಾಲೊವೇ ಹೊಸಬರಿಗೆ ಹೇಳಿಕೊಟ್ಟದ್ದು ಇದನ್ನೇ: ಓಡಿ, ಸುಸ್ತಾಗುವ ಮೊದಲೇ ನಡೆಯಿರಿ, ಮತ್ತೆ ಓಡಿ. ಈ ಕ್ರಮದಲ್ಲಿ ಮ್ಯಾರಥಾನ್ ಮುಗಿಸಿದವರಿದ್ದಾರೆ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ, ಈಗ ಜಗತ್ತೆಲ್ಲ ಹಬ್ಬಿರುವ ಒಂಬತ್ತು ವಾರಗಳ 'ಕೌಚ್ ಟು ಫೈವ್ ಕೆ' (ಸೋಫಾದಿಂದ ಐದು ಕಿಲೋಮೀಟರಿಗೆ) ಅಭ್ಯಾಸವೂ ಇದೇ ದಾರಿಯದ್ದು. ಅದು ಶುರುವಾಗುವುದೇ ಒಂದೊಂದು ನಿಮಿಷದ ಓಟದಿಂದ. ಒಂಬತ್ತು ವಾರ ನಿಮಗೆ ಹದಿನೆಂಟು ವಾರವಾದರೂ ನಷ್ಟವೇನಿಲ್ಲ.

"ಇಷ್ಟು ನಿಧಾನ ಓಡಿದರೆ ಏನು ಪ್ರಯೋಜನ?" ಅಂತ ತುಂಬ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಧಾನ ಓಟದಲ್ಲಿ ಮೈಯೊಳಗೆ ಬಹಳ ಕೆಲಸ ನಡೆಯುತ್ತದೆ. ಮೊದಲ ಒಂದೆರಡು ವಾರದಲ್ಲೇ ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಹಾಗಾಗಿಯೇ ಕೆಲವು ತಿಂಗಳು ಓಡಿದವರ ನಾಡಿ ಸುಮ್ಮನೆ ಕೂತಾಗಲೂ ಮೊದಲಿಗಿಂತ ನಿಧಾನವಾಗಿ ಬಡಿಯುತ್ತದೆ. ಸ್ನಾಯುಗಳ ಸುತ್ತ ಹೊಸ ಲೋಮನಾಳಗಳು, ಅಂದರೆ ತೀರಾ ಸಣ್ಣ ರಕ್ತನಾಳಗಳು, ಮೂಡುತ್ತವೆ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ಸಾಮರ್ಥ್ಯ ಬೆಳೆಯುತ್ತದೆ. ಇವಕ್ಕೆಲ್ಲ ಬೇಕಾದದ್ದು ವಾರವಾರವೂ ತಪ್ಪದೆ ಸಿಗುವ ಸಮಯ. ಎರಡೇ ದಿನ ಬಿರುಸಾಗಿ ಓಡಿ ಐದು ದಿನ ಮಲಗುವವರಿಗೆ ಆ ಸಮಯ ಸಿಗುವುದಿಲ್ಲ. ಲೋಕದ ಅತಿ ವೇಗದ ದೂರದ ಓಟಗಾರರೂ ಹೆಚ್ಚಾಗಿ ನಿಧಾನವಾಗಿಯೇ ಓಡುತ್ತಾರೆ. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿದ ಎಲಿಯುಡ್ ಕಿಪ್ಚೋಗೆಯಂಥವರ ವಾರದಲ್ಲೂ ಹೆಚ್ಚಿನ ಕಿಲೋಮೀಟರುಗಳು ರೇಸಿನ ವೇಗಕ್ಕಿಂತ ಎಷ್ಟೋ ನಿಧಾನ. ಸ್ಟೀಫನ್ ಸೈಲರ್ ಎಂಬ ಸಂಶೋಧಕ ರೋಯಿಂಗ್ (ದೋಣಿ ಓಟ), ಸ್ಕೀಯಿಂಗ್, ಸೈಕ್ಲಿಂಗ್, ಓಟಗಳ ಅಗ್ರಮಾನ್ಯರ ದಿನಚರಿ ಅಧ್ಯಯನ ಮಾಡಿದಾಗ, ಅವರ ಅಭ್ಯಾಸದ ಸುಮಾರು ಶೇ 80 ಭಾಗ ಹಗುರವಾಗಿಯೇ ಇರುವುದು ಕಂಡಿತು. ಅವರೇ ಹಾಗೆ ಮಾಡುವಾಗ, ನಿನ್ನೆಯಷ್ಟೇ ಶೂ ಕಟ್ಟಿದ ನಾವು ದಿನಾ ದಮ್ಮು ಕಟ್ಟಿ ಓಡುವುದು ಯಾತಕ್ಕೆ?

ಹೊಸಬರು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದಿರಬೇಕಾದ ಹೊತ್ತು ಇನ್ನೊಂದಿದೆ. ಅದು ಕಷ್ಟದ ಮೊದಲ ವಾರವಲ್ಲ, ಓಟ ಹಗುರ ಅನ್ನಿಸಲು ಶುರುವಾಗುವ ಆರನೇ ಏಳನೇ ವಾರ. ಆ ಹೊತ್ತಿಗೆ ಉಸಿರಾಟ ಹತೋಟಿಗೆ ಬಂದಿರುತ್ತದೆ, ಮನಸ್ಸು "ಇನ್ನೂ ಎರಡು ಕಿಲೋಮೀಟರ್" ಅನ್ನುತ್ತದೆ. ಆದರೆ ಹೃದಯ, ಶ್ವಾಸಕೋಶಗಳು ಒಗ್ಗುವಷ್ಟು ಬೇಗ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳೂ ಮೂಳೆಗಳೂ ಒಗ್ಗುವುದಿಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಆ ಪೆಟ್ಟಿಗೆ ಮೂಳೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ, ನಿಜ. ಆದರೆ ಆ ಕೆಲಸದಲ್ಲಿ ಮೊದಲು ಹಳೆಯ ಮೂಳೆ ಕರಗಬೇಕು, ಆಮೇಲೆ ಹೊಸದು ಕಟ್ಟಿಕೊಳ್ಳಬೇಕು. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಈ ನಡುವೆ ಅವಸರ ಮಾಡಿದರೆ ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋಯುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕೂ ಬೀಳಬಹುದು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಓಡುತ್ತ ಹೋದಷ್ಟೂ ಹೆಚ್ಚಾಗುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು ಬಂದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಿ. ಮಂಡಿಯ ಮೇಲಿನ ಮಾಂಸಖಂಡ ಎರಡೂ ಕಾಲಲ್ಲಿ ಸಮನಾಗಿ ಬಿಗಿದರೆ ಅದಕ್ಕೆ ಹೆದರಬೇಕಾಗಿಲ್ಲ. ಎದೆನೋವು, ತಲೆಸುತ್ತು ಬಂದವರು, ಮೊದಲೇ ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರ ಮಾತು ಕೇಳದೆ ಶುರು ಮಾಡಬಾರದು.

"ಓಡಿದರೆ ಮಂಡಿ ಸವೆದು ಹೋಗುತ್ತದೆ" ಅನ್ನುವ ಮಾತನ್ನಂತೂ ಪ್ರತಿ ಮದುವೆಮನೆಯಲ್ಲೂ ಕೇಳುತ್ತೇನೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಂಡಿ ಮತ್ತು ಸೊಂಟದ ಕೀಲುಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5, ಓಡದೆ ಕೂತಿರುವವರಲ್ಲಿ ಶೇ 10.2, ಸ್ಪರ್ಧೆಗಾಗಿಯೇ ಓಡುವವರಲ್ಲಿ ಶೇ 13.3 ಇತ್ತು. ನೋವಿರುವವರು ಓಟ ಬಿಟ್ಟಿರುತ್ತಾರೆ, ಆದ್ದರಿಂದ ಮೊದಲ ಸಂಖ್ಯೆ ಕಡಿಮೆ ಕಾಣಬಹುದು ಅನ್ನುವ ವಾದಕ್ಕೆ ಜಾಗವಿದೆ. ಆದರೂ ಮಿತವಾದ ಓಟವೇ ಮಂಡಿ ಹಾಳುಮಾಡುತ್ತದೆ ಅನ್ನಲು ಈ ಸಂಖ್ಯೆಗಳಲ್ಲಿ ಆಧಾರವಿಲ್ಲ.

ಇನ್ನು ಖುಷಿಯ ವಿಚಾರ. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಇದಕ್ಕಾಗಿ.

ಓಡಿ ಬಂದ ಮೇಲೆ ಮನಸ್ಸು ಹಗುರಾಗುವುದಕ್ಕೆ ಮೈಯಲ್ಲೇ ತಯಾರಾಗುವ, ನೋವು ತಗ್ಗಿಸುವ ಎಂಡಾರ್ಫಿನ್ ಕಾರಣ ಅಂತ ಬಹುಕಾಲ ಹೇಳುತ್ತಿದ್ದರು. 2021ರಲ್ಲಿ ಜರ್ಮನಿಯಲ್ಲಿ ಎಂಡಾರ್ಫಿನ್‌ನ ಪರಿಣಾಮ ತಡೆಯುವ ಔಷಧ ಕೊಟ್ಟು ಓಡಿಸಿ ನೋಡಿದರೂ ಓಟಗಾರರಿಗೆ ಆ ಹಿತ ಸಿಕ್ಕಿತು. ಈಗ ಹೆಚ್ಚು ಗಮನ ಇರುವುದು ನಮ್ಮ ಮೈಯೇ ತಯಾರಿಸುವ ಆನಂದಮೈಡ್‌ನಂಥ ರಾಸಾಯನಿಕಗಳ ಮೇಲೆ. ನನಗೆ ಬಹಳ ಹಿಡಿಸಿದ ವಿಷಯ ಏನೆಂದರೆ, ಓಟಗಾರರನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ಅಳೆದಾಗ ಈ ರಾಸಾಯನಿಕ ಚೆನ್ನಾಗಿ ಏರಿದ್ದು ಮಧ್ಯಮ ಶ್ರಮದಲ್ಲಿ. ತೀರಾ ಮೆಲ್ಲನೆಯ ನಡಿಗೆಯಲ್ಲಿ ಅಷ್ಟು ಏರಲಿಲ್ಲ, ತೀರಾ ಬಿರುಸಿನಲ್ಲೂ ಏರಲಿಲ್ಲ. ಅಂದರೆ ಪ್ರತಿದಿನ ತಮ್ಮನ್ನು ತಾವೇ ಹಿಂಡಿಕೊಂಡು ಓಡುವವರು ಆ ಹಿತವನ್ನೇ ಕಳೆದುಕೊಳ್ಳುತ್ತಿರಬಹುದು. ಇಪ್ಪತ್ತು ನಿಮಿಷವಾದ ಮೇಲೆ ಉಸಿರೂ ಹೆಜ್ಜೆಯೂ ತಾವಾಗಿಯೇ ಒಂದಕ್ಕೊಂದು ಹೊಂದಿಕೊಂಡು, ತಲೆಯಲ್ಲಿದ್ದ ಗೊಂದಲಗಳೆಲ್ಲ ಸಾಲಾಗಿ ಕೂತುಕೊಳ್ಳುವ ಒಂದು ಹೊತ್ತಿದೆ. ಅದನ್ನು ಒಮ್ಮೆ ಅನುಭವಿಸಿದವರಿಗೆ ಅಲಾರಂ ಬೇಕಾಗುವುದಿಲ್ಲ. ನನಗಂತೂ ದಿನದಲ್ಲಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಹೊತ್ತು ಅದೊಂದೇ.

ಮೈ ಭಾರವಿದ್ದು ಓಟ ಕಷ್ಟ ಅನ್ನಿಸುವವರಿಗೆ, ಕೀಲುನೋವು ಇರುವವರಿಗೆ ಸೈಕಲ್‌ಗಿಂತ ಒಳ್ಳೆಯ ದಾರಿ ಇಲ್ಲ. ತೂಕವನ್ನು ಸೀಟು ಹೊರುತ್ತದೆ, ಕಾಲಿಗೆ ಪೆಟ್ಟಿಲ್ಲ. ಹೊಸಬರು ಮೊದಲು ನೋಡಬೇಕಾದದ್ದು ಸೀಟಿನ ಎತ್ತರ. ಹತ್ತರಲ್ಲಿ ಎಂಟು ಜನ ಸೀಟು ತಗ್ಗಿಸಿಕೊಂಡು ಮಂಡಿ ಮಡಿಸಿಕೊಂಡೇ ತುಳಿಯುತ್ತಿದ್ದಾರೆ ಅನ್ನಿಸುತ್ತದೆ, ಆಮೇಲೆ ಮಂಡಿನೋವು ಅನ್ನುತ್ತಾರೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೂರ್ತಿ ಕೆಳಗಿರುವ ಪೆಡಲಿನ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಗೇರ್ ಇರುವ ಸೈಕಲ್‌ನಲ್ಲಿ ಭಾರದ ಗೇರ್ ಹಾಕಿಕೊಂಡು ಒತ್ತಿ ಒತ್ತಿ ತುಳಿಯುವ ಹಟ ಬೇಡ. ಹಗುರ ಗೇರ್‌ನಲ್ಲಿ ಚುರುಕಾಗಿ, ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ತುಳಿದರೆ ಮಂಡಿಗೂ ಒಳ್ಳೆಯದು, ದೂರಕ್ಕೂ ಒಳ್ಳೆಯದು. ಮೊದಲ ಕೆಲವು ದಿನ ಕೂರುವ ಮೂಳೆ ನೋಯುತ್ತದೆ. ಅದಕ್ಕೆ ಹೆದರಿ ದಪ್ಪ ಮೆತ್ತನೆಯ ಸೀಟು ಹಾಕಿಸಿದರೆ ದೂರದ ಸವಾರಿಯಲ್ಲಿ ಇನ್ನೂ ಹೆಚ್ಚು ನೋಯುತ್ತದೆ. ಹೆಲ್ಮೆಟ್, ಹಿಂದೆ ಕೆಂಪು ದೀಪ ಹಗಲಲ್ಲೂ ಇರಲಿ. ಸೈಕಲ್‌ಗೆ ಒಂದು ಕೊರತೆಯೂ ಇದೆ: ಪೆಟ್ಟಿಲ್ಲದ ಕಾರಣ ಮೂಳೆ ಗಟ್ಟಿಯಾಗುವುದಿಲ್ಲ. ಬರೀ ಸೈಕಲ್ ತುಳಿಯುವವರು ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿದರೆ ಒಳ್ಳೆಯದು.

ತೂಕ ಇಳಿಸಲೆಂದೇ ಬರುವವರಿಗೆ ಒಂದು ಲೆಕ್ಕ. ಓಟದಲ್ಲಿ ಒಂದು ಕಿಲೋಮೀಟರಿಗೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೊಕ್ಯಾಲರಿ ಖರ್ಚಾಗುತ್ತದೆ. 70 ಕಿಲೋ ಇರುವವರು ಐದು ಕಿಲೋಮೀಟರ್ ಓಡಿದರೆ 350ರ ಆಸುಪಾಸು. ವೇಗ ಹೆಚ್ಚಿಸಿದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಅಷ್ಟನ್ನು ಒಂದು ತಟ್ಟೆಯಲ್ಲಿ ಮತ್ತೆ ತುಂಬಿಕೊಳ್ಳುವುದು ಸುಲಭ. ತೂಕದ ಯಂತ್ರವೊಂದನ್ನೇ ನಂಬಿಕೊಂಡು ಓಡಿದವರು ಅದು ಅಲುಗಾಡದಿದ್ದಾಗ ಓಟವನ್ನೇ ಬಿಡುತ್ತಾರೆ. ಅಷ್ಟರಲ್ಲಿ ಅವರ ರಕ್ತದೊತ್ತಡ, ನಿದ್ದೆ, ಸಕ್ಕರೆ ಸುಧಾರಿಸುತ್ತಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಅದರಲ್ಲಿ ಕಿಲೋಮೀಟರಿನ ಮಾತಿಲ್ಲ, ವೇಗದ ಗುರಿಯೂ ಇಲ್ಲ.

ವಯಸ್ಸಾಯಿತು ಅನ್ನುವವರಿಗೆ ಫ್ರಾನ್ಸಿನ ರಾಬರ್ಟ್ ಮಾರ್ಷಾಂದ್ ಕಥೆ ಹೇಳಬೇಕು. 1911ರಲ್ಲಿ ಹುಟ್ಟಿದ ಅವರು ಅರವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹಿಡಿದರು. 101ರಿಂದ 103ನೇ ವಯಸ್ಸಿನ ನಡುವೆ ವಿಜ್ಞಾನಿಗಳು ಅವರ ಅಭ್ಯಾಸವನ್ನು ಗಮನಿಸಿದರು. ವರ್ಷಕ್ಕೆ ಸುಮಾರು 5,000 ಕಿಲೋಮೀಟರ್, ಅದರಲ್ಲಿ ಶೇ 80 ಭಾಗ ಹಗುರ ಸವಾರಿ, ಶೇ 20 ಭಾಗ ಮಾತ್ರ ಕಷ್ಟದ್ದು. ಆ ಎರಡು ವರ್ಷಗಳಲ್ಲಿ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇ 13ರಷ್ಟು ಹೆಚ್ಚಿತು. ನೂರು ದಾಟಿದ ದೇಹ! 2017ರಲ್ಲಿ, 105ನೇ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 22.547 ಕಿಲೋಮೀಟರ್ ತುಳಿದರು.

ಈಗಾಗಲೇ ಓಡುತ್ತಿರುವ, ತುಳಿಯುತ್ತಿರುವ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ ಇದೆ. 1962ರ ಕೊನೆಗೆ ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್ಮನ್ ನ್ಯೂಜಿಲೆಂಡಿಗೆ ಹೋಗಿದ್ದರು. ಅಲ್ಲಿನ ತರಬೇತುದಾರ ಆರ್ಥರ್ ಲಿಡಿಯರ್ಡ್ ಸಾಮಾನ್ಯ ಜನರನ್ನು, ಹೃದಯಾಘಾತವಾಗಿದ್ದವರನ್ನೂ ಸೇರಿಸಿಕೊಂಡು ಮೆಲ್ಲನೆಯ ಓಟ ಕಲಿಸುತ್ತಿದ್ದರು. ಜೊತೆಗೆ ಓಡಲು ಹೋದ ಐವತ್ತು ದಾಟಿದ್ದ ಬೋವರ್ಮನ್ ಬೇಗನೆ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಹಿರಿಯರು ತಾವೂ ಹಿಂದೆ ಉಳಿದು, ಅವರ ವೇಗಕ್ಕೆ ಹೊಂದಿಕೊಂಡು ಮಾತಾಡುತ್ತ ಜೊತೆಗೆ ಓಡಿದರು. ಬೋವರ್ಮನ್ ಊರಿಗೆ ಮರಳಿ ಸಾಮಾನ್ಯ ಜನರಿಗೆ ಓಟದ ತರಗತಿ ಶುರು ಮಾಡಿದರು, ಅಮೆರಿಕದಲ್ಲಿ ಜಾಗಿಂಗ್ ಹಬ್ಬಿತು. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರಿಂದ ಆರಂಭವಾಗಿ ಈಗ ಎಷ್ಟೋ ದೇಶಗಳಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಪಾರ್ಕ್‌ರನ್‌ನಲ್ಲಿ, ಎಲ್ಲರ ಹಿಂದೆ ನಡೆಯುವುದಕ್ಕೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಓಡಲು ಬಂದ ಯಾರೂ ಕೊನೆಯವರಾಗದ ಹಾಗೆ.

ನಿಮ್ಮ ಜೊತೆ ಹೊಸಬರೊಬ್ಬರು ಬಂದ ದಿನ ಆ ಕೆಲಸ ನಿಮ್ಮದು. "ಬನ್ನಿ ಬನ್ನಿ, ಇನ್ನೊಂಚೂರು" ಅಂತ ಮುಂದಿನಿಂದ ಕರೆಯಬೇಡಿ. ಅವರು ನಡೆದಾಗ ನೀವೂ ನಡೆಯಿರಿ, ಎಲ್ಲಿಂದ ವಾಪಸಾಗಬೇಕು ಅನ್ನುವುದನ್ನು ಅವರೇ ಹೇಳಲಿ. ಸೈಕಲ್‌ನಲ್ಲಾದರೆ ಅವರು ಮುಂದಿರಲಿ, ನೀವು ಹಿಂದಿರಿ. ಹಿಂದೆ ಉಳಿದ ಹೊಸಬರು ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ವಾರ ಬರುವುದಿಲ್ಲ ಅಷ್ಟೇ.